ಹಂಚಿನ ಕಾರ್ಖಾನೆಯ ದುಭಾಷಿ

ಗಂಗೊಳ್ಳಿಯ ಅಪ್ಪಿಗೆ ಮರಾಠಿ ಬರುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮುಂಬಯಿಯ ಮೀನು ಇಳಿಸುವ ಧಕ್ಕೆಯಲ್ಲಿ ಒಂಬತ್ತು ವರ್ಷ ಸಿಗಡಿ ಸುಲಿದು ಬಂದವಳು. ತೊಂಬತ್ತೇಳರಲ್ಲಿ ಊರಿಗೆ ಮರಳಿ, ಅಣ್ಣ ಕಿಟ್ಟನ ಮನೆಯಲ್ಲಿದ್ದುಕೊಂಡು, ಬೆಳಗಾದರೆ ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದಳು. ಯಾರನ್ನಾದರೂ ಬೈಯುವಾಗ ಮಾತ್ರ ಬಾಯಿಗೆ ಮರಾಠಿ ಬರುತ್ತಿತ್ತು. ಬೈಸಿಕೊಂಡವರಿಗೆ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಜಗಳ ಬೆಳೆಯುತ್ತಿರಲಿಲ್ಲ.

ಕೊಂಕಣ ರೈಲು ಶುರುವಾಗಿ ಐದಾರು ವರ್ಷವಾಗಿತ್ತು. ಎಲ್ಲಿಂದಲೋ ಬಂದು ಇಳಿದು, ಮುಂದೆ ಎಲ್ಲಿಗೆಂದು ತಿಳಿಯದವರು ಬಸ್ ನಿಲ್ದಾಣದಲ್ಲೋ ಅಂಗಡಿಗಳ ಜಗಲಿಯಲ್ಲೋ ಇಬ್ಬನಿಗೆ ನೆನೆಯುತ್ತ ಮಲಗುತ್ತಿದ್ದರು. 2003ರ ಚಳಿಗೆ ಅಂಥ ಒಬ್ಬ ಮುದುಕ ಬೆಳಗ್ಗೆ ಏಳಲೇ ಇಲ್ಲ. ಆ ಸಂಕಟಕ್ಕೆ ನಿವೃತ್ತ ಮೇಷ್ಟರಾದ ಪ್ರೇಮಾನಂದರು ನಾಲ್ಕು ಜನರನ್ನು ಸೇರಿಸಿ, ಬಸ್ರೂರಿನ ದಾರಿಯಲ್ಲಿ ಮುಚ್ಚಿದ್ದ ಹಂಚಿನ ಕಾರ್ಖಾನೆಯ ಶೆಡ್ಡೊಂದನ್ನು ಕೇಳಿ ಪಡೆದು ಚಾಪೆ, ಕಂಬಳಿ ಹಾಸಿದರು. ಶಿವರಾತ್ರಿಯ ತನಕ ಯಾರು ಬಂದರೂ ಜಾಗ. ಆದರೆ ಬಂದವರಲ್ಲಿ ಅರ್ಧ ಮಂದಿಗೆ ಕನ್ನಡ ಬಾರದು. ಮೇಷ್ಟರು ಮೀನು ಮಾರುಕಟ್ಟೆಗೆ ನಡೆದರು.

"ಹ್ವಾಯ್ ಅಪ್ಪಿ, ಎರಡ್ ದಿನ ಬಂದ್ ಹೋಗ್. ಅವ್ರ್ ಎಂತ ಹೇಳ್ತ್ರ್ ಅಂತ ನಂಗೆ ಗೊತ್ತಾತಿಲ್ಲೆ."

"ಎರಡೇ ದಿನ ಮಾಷ್ಟ್ರೇ. ಬಂಗಡಿ ಮೀನ್ ಬಪ್ಪು ಟೈಮ್ ಇದ್."

ಎರಡು ದಿನ ಇಪ್ಪತ್ತಾಯಿತು. ಮಾತು ತಿಳಿಸಲು ಹೋದವಳ ಕೈಗೆ ಗಂಜಿಯ ಸೌಟು ಬಂತು, ಆಮೇಲೆ ಜ್ವರದವರ ಒದ್ದೆ ಬಟ್ಟೆ ಬಂತು. ಇನ್ನು ಬರುವುದಿಲ್ಲವೆಂದು ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋದ ದಿನವೇ ಯಾರೋ ವಾಂತಿ ಮಾಡಿಕೊಂಡಿರುತ್ತಿದ್ದರು. ಮಾರುಕಟ್ಟೆಯಲ್ಲಿ ಕಂಬದ ಪಕ್ಕದ ಅವಳ ಜಾಗದಲ್ಲಿ ಬೇರೊಬ್ಬಳು ಬುಟ್ಟಿ ಇಟ್ಟಳು. ಕೇಳಲು ಹೋದರೆ, "ನೀ ಬತ್ತಿಲ್ಲೆ ಅಂದ್ಕಂಡೆ" ಎಂದಳು.

ಎಲ್ಲರಿಗಿಂತ ಹೆಚ್ಚಾಗಿ ಅಪ್ಪಿಯನ್ನು ಕಟ್ಟಿಹಾಕಿದವಳು ಸೋನುಬಾಯಿ ಎಂಬ ಮರಾಠಿ ಮುದುಕಿ. ಹೆಸರೊಂದನ್ನು ಬಿಟ್ಟು ಏನನ್ನೂ ಹೇಳಿರಲಿಲ್ಲ. ಅಪ್ಪಿ ಹತ್ತಿರ ಕೂತರೆ ಮಾತ್ರ ಉಣ್ಣುತ್ತಿದ್ದಳು, ಉಣ್ಣುವಷ್ಟು ಹೊತ್ತೂ ಎಡಗೈಯಲ್ಲಿ ಅಪ್ಪಿಯ ಸೆರಗು. ಸಂಜೆಯ ಬಸ್ಸಿಗೆ ಹೊರಟರೆ ಗೇಟಿನ ತನಕ ಹಿಂದೆಯೇ ಬರುತ್ತಿದ್ದಳು. ಅಪ್ಪಿ ತಿರುಗಿ ನೋಡದೆ ಬಸ್ಸು ಹತ್ತುತ್ತಿದ್ದಳು.

ಮಾರುಕಟ್ಟೆಯ ಜಾಗ ಹೋದ ಮರುದಿನ ಸಿಟ್ಟು ತಡೆಯಲಾಗಲಿಲ್ಲ. ಸೆರಗನ್ನು ಕಿತ್ತುಕೊಂಡು ಮರಾಠಿಯಲ್ಲಿ ಕೂಗಿದಳು: "ನಿನಗೆ ಮನೆಯಿಲ್ಲವಾ? ಹೆತ್ತ ಮಕ್ಕಳಿಲ್ಲವಾ? ಊರು ಯಾವುದು ಹೇಳು. ನನಗೆ ಸಾಕಾಗಿದೆ!"

ಸೋನುಬಾಯಿ ಬೆದರಿ, ಶಾಲೆಯ ಮಗುವಿನ ಹಾಗೆ ಊರಿನ ಹೆಸರು, ತಾಲೂಕು, ಮಗನ ಹೆಸರು ಎಲ್ಲವನ್ನೂ ಒಪ್ಪಿಸಿದಳು.

ಮೇಷ್ಟರು ಪೊಲೀಸರ ಮೂಲಕ ಸುದ್ದಿ ಮುಟ್ಟಿಸಿದರು. ಹತ್ತನೆಯ ದಿನ ಮಗ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸೇಬಿನ ಚೀಲ. ಮೇಷ್ಟರ ಕಾಲು ಮುಟ್ಟಿ ಅತ್ತ. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಮಗ ಹೊರಗೆ ಆಟೋ ಮಾತಾಡಲು ಹೋದಾಗ ಸೋನುಬಾಯಿ ಅಪ್ಪಿಯ ಬೆನ್ನ ಹಿಂದೆ ನಿಂತು, ದನಿ ಎತ್ತದೆ, ತಲೆ ತಗ್ಗಿಸಿ ಹೇಳಿದಳು:

"ಕಳಿಸಬೇಡ ತಾಯಿ. ನನ್ನನ್ನು ರೈಲಿನಲ್ಲಿ ಕೂರಿಸಿ ಇಳಿದು ಹೋದವನು ಇವನೇ."

"ಎಂತ ಹೇಳ್ತ್ರ್ ಅಪ್ಪಿ?" ಮೇಷ್ಟರು ಕೇಳಿದರು.

ಆ ಶೆಡ್ಡಿನಲ್ಲಿ ಮರಾಠಿ, ಕನ್ನಡ ಎರಡೂ ತಿಳಿದವಳು ಅಪ್ಪಿ ಒಬ್ಬಳೇ. ಇವಳು ಹೋದರೆ ನಾಳೆಯಿಂದ ನಾನೂ ಹೋಗಬಹುದು ಎಂಬುದೊಂದೇ ಅವಳ ತಲೆಯಲ್ಲಿತ್ತು.

"ಹೋತೆ ಅಂತ್ರ್" ಎಂದಳು. ಕಳಿಸಬೇಡ ಎಂದದ್ದು ಹೋಗುತ್ತೇನೆ ಎಂದಾಯಿತು.

ಸೋನುಬಾಯಿ ಅವಳ ಮುಖವನ್ನೊಮ್ಮೆ ನೋಡಿದಳು. ಕನ್ನಡ ಬಾರದಿದ್ದರೂ, ತನ್ನ ಅಷ್ಟುದ್ದದ ಮಾತು ಎರಡೇ ಪದವಾದದ್ದು ತಿಳಿಯದೆ ಇರುತ್ತದೆಯೇ? ತಾನೇ ನಡೆದು ಹೋಗಿ ಆಟೋದಲ್ಲಿ ಕೂತಳು.

ಅಪ್ಪಿ ಮರುದಿನವೇ ಶೆಡ್ಡಿಗೆ ಹೋಗುವುದನ್ನು ಬಿಟ್ಟಳು. ಮಾರುಕಟ್ಟೆಯಲ್ಲಿ ಬೇರೆ ಮೂಲೆ ಹಿಡಿದು ವ್ಯಾಪಾರಕ್ಕೆ ಕೂತಳು. ಗಿರಾಕಿಗಳೊಂದಿಗೆ ಮೊದಲಿನ ಹಾಗೆ ಜಗಳವಾಡಲು ಆಗಲಿಲ್ಲ, ಬಾಯಿಗೆ ಮರಾಠಿ ಬಂದರೆ ಅರ್ಧಕ್ಕೇ ನುಂಗಿಕೊಂಡು ಕೇಳಿದ ಬೆಲೆಗೆ ಮೀನು ಕೊಡುತ್ತಿದ್ದಳು. ಮುಂದಿನ ದೀಪಾವಳಿ ಕಳೆದು ಶೆಡ್ಡಿನ ಬಾಗಿಲು ತೆರೆದಾಗ, ಯಾರೂ ಕರೆಯದೆ ತಾನೇ ಹೋಗಿ ಒಲೆ ಹಚ್ಚಿದಳು. ಅಲ್ಲಿ ಕೂತರೆ ಸೋನುಬಾಯಿಯ ನೆನಪು, ಮನೆಯಲ್ಲಿ ಕೂತರೆ ಅಲ್ಲಿ ಯಾರ ಮಾತು ಯಾರಿಗೂ ತಿಳಿಯದೆ ಹೋಗುತ್ತಿದೆಯೋ ಎಂಬ ಹೆದರಿಕೆ. ಎರಡು ಕಡೆಯೂ ನೆಮ್ಮದಿಯಿಲ್ಲ.

"ಮಾಷ್ಟ್ರ್ ನಿಂಗೆ ಎಂತಾರೂ ಮದ್ದ್ ಹಾಕಿದ್ರಾ?" ಎಂದು ಕಿಟ್ಟ ರೇಗಿದ. ಅಣ್ಣನಿಗೂ ಅವಳು ಕಾರಣ ಹೇಳಲಿಲ್ಲ.

ನಾಲ್ಕು ಚಳಿಗಾಲ ಹೀಗೇ ಕಳೆಯಿತು. 2007ರ ಒಂದು ಮಧ್ಯಾಹ್ನ, ಪಾತ್ರೆ ತೊಳೆಯುತ್ತ ಕೂತಿದ್ದವಳು ಮೇಷ್ಟರನ್ನು ಕರೆದು ಎಲ್ಲವನ್ನೂ ಹೇಳಿದಳು. ಬೈಯಲಿ ಎಂದು ಕಾದಳು. ಮೇಷ್ಟರು ಬಾವಿಕಟ್ಟೆಯ ಮೇಲೆ ಕೂತರು.

"ನಾನೂ ಅವ್ರ ಮುಖ ಕಂಡಿದ್ದೆ ಅಪ್ಪಿ. ಮಗ ಅಳುದ್ ಕಂಡ್ ಅಷ್ಟೇ ಸಾಕಾಯ್ತ್ ನಂಗೆ. ಇನ್ನೊಂದ್ ಸಲ ಕೇಣ್ಲಿಲ್ಲೆ."

ಸೋನುಬಾಯಿಯ ಊರಿಗೆ ಕಾಗದ ಬರೆದರು. ತಿಂಗಳ ಮೇಲೆ ಅಲ್ಲಿನ ಅಂಚೆಯವನೇ ಉತ್ತರ ಬರೆದಿದ್ದ: ಮಗ ಮನೆ ಮಾರಿ ಹೋಗಿ ಎರಡು ವರ್ಷವಾಯಿತು, ಹೋಗುವಾಗ ತಾಯಿ ಜೊತೆಗಿದ್ದಳೇ ಎಂಬುದು ಊರಿನಲ್ಲಿ ಯಾರಿಗೂ ನೆನಪಿಲ್ಲ.

ಅಂದಿನಿಂದ ಇಬ್ಬರೂ ಸೇರಿ ಒಂದು ಕಟ್ಟುಪಾಡು ಮಾಡಿದರು. ಮನೆಯವರು ಬಂದ ದಿನವೇ ಯಾರನ್ನೂ ಕಳಿಸುವಂತಿಲ್ಲ. ಅವರನ್ನು ದೂರ ಕೂರಿಸಿ, ಹೋಗುವವರನ್ನು ಮನಸ್ಸಿನಿಂದ ಹೋಗುತ್ತೀರಾ ಎಂದು ಅಪ್ಪಿ ಒಬ್ಬಳೇ ಕೇಳಬೇಕು, ಮರುದಿನ ಇನ್ನೊಮ್ಮೆ ಕೇಳಬೇಕು. ದೂರದಿಂದ ಬಂದ ನೆಂಟರು ಕೂಗಾಡಿದರು, ನೀನ್ಯಾರು ಕೇಳುವುದಕ್ಕೆ ಎಂದರು. ಅಪ್ಪಿ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಹಾಗೆ ಕೇಳಿದ್ದರಿಂದಲೇ ಮೂವರು ಹೋಗುವುದಿಲ್ಲವೆಂದು ಉಳಿದುಕೊಂಡರು.

2012ರಲ್ಲಿ ಹೆಮ್ಮಾಡಿಯ ಚಂದನಾ ಎಂಬ ಟೀಚರು ಶೆಡ್ಡಿಗೆ ಬರತೊಡಗಿದಳು. ಹಿಂದಿ, ಮರಾಠಿ ಎರಡೂ ಬಲ್ಲವಳು. "ಅಪ್ಪಿ ಅಕ್ಕ, ನೀವ್ ಮನಿಗ್ ಹೋಯ್ನಿ, ಇಲ್ಲಿದ್ ನಾ ಕಂಡ್ಕಂತೆ" ಎಂದಳು. ಒಂಬತ್ತು ವರ್ಷದಿಂದ ಕಾದ ಮಾತು ಅದು. ಅಪ್ಪಿ ಮೂರು ದಿನ ಮನೆಯಲ್ಲಿ ಕೂತಳು. ನಾಲ್ಕನೆಯ ದಿನ ಬಸ್ಸು ಹತ್ತಿ ಬಂದಾಗ, ಚಂದನಾ ಒಬ್ಬ ಮುದುಕನನ್ನು ತಮ್ಮನ ಜೊತೆ ಕಳಿಸುವುದರಲ್ಲಿದ್ದಳು.

"ಎರಡ್ ಸಲವೂ ಕೇಂಡಿದ್ದೆ ಅಕ್ಕ, ಹೋತೆ ಅಂದ್ರ್. ನನ್ ಮೇಲ್ ನಂಬ್ಕಿ ಇಲ್ಯಾ?"

"ನಂಬ್ಕಿ ಇಲ್ದೇ ಎಂತ ಮಗಾ" ಎಂದ ಅಪ್ಪಿ, ಮುದುಕನ ಎದುರು ಕೂತು ಮೂರನೆಯ ಸಲ ಕೇಳಿದಳು. ಹೋಗುತ್ತೇನೆ ಎಂದ ಮುದುಕ ನಕ್ಕ. ಅವಳೇ ಅವನ ಚಾಪೆ ಸುತ್ತಿಟ್ಟು, ಗಂಜಿಗೆ ಅಕ್ಕಿ ತೊಳೆಯಲು ಒಳಗೆ ಹೋದಳು.