ಮುಳುಗಲೊಲ್ಲದ ಸಬ್‌ಮರೀನ್

ಸಮುದ್ರದ ಗಾಳಿಯೂ ಸೋಕದ ಬೇಲೂರಿನಲ್ಲಿ, ಹೋದ ವರ್ಷ ನಮ್ಮ ಬೀದಿಯ ಗಣಪತಿ ಸಬ್‌ಮರೀನ್ ಏರಿದ. ಏರಿಸಿದವನು ಗಣೇಶ ಸಮಿತಿಯ ಅಧ್ಯಕ್ಷ, ಅಂದರೆ ನನ್ನ ತಮ್ಮ.

ಅರಸೀಕೆರೆಯ ಮಂಟಪದ ವ್ಯಾಪಾರಿ ಬಂದು, "ಜಾವಗಲ್‌ನೋರು ಒಂದು ಸಬ್‌ಮರೀನ್ ಮಂಟಪ ತಗೊಂಡವ್ರೆ ಕಣಣ್ಣ, ನೀವು ಸುಮ್ಕೆ ಕುಂತ್ರೆ ಮಾನ ಏನಾಯ್ತದೆ?" ಎಂದ. ತಮ್ಮ ಎರಡಕ್ಕೆ ಆರ್ಡರ್ ಕೊಟ್ಟುಬಿಟ್ಟ! ಒಂದರಲ್ಲಿ ಗಣಪತಿ, ಇನ್ನೊಂದರಲ್ಲಿ ಇಲಿ. ವ್ಯಾಪಾರಿ ಆಸಾಮಿ ಮಾರನೆಯ ದಿನವೇ ಹಳೇಬೀಡಿಗೆ ಹೋಗಿ ನಮ್ಮ ಎರಡರ ಸುದ್ದಿ ಊದಿದ.

ಇಷ್ಟು ವರ್ಷ ಬೀದಿಯ ಗಣಪತಿಯನ್ನು ಕೆರೆಯ ಜೇಡಿಮಣ್ಣಿನಲ್ಲಿ ಮಾಡಿದವಳು ನಮ್ಮಮ್ಮ. "ಸಬ್‌ಮರೀನ್‌ಗೆ ನಿನ್ ಗಣಪ ಸಣ್ಣದಾಯ್ತದೆ ಕಣವ್ವ," ಎಂದುಬಿಟ್ಟ ಮಗರಾಯ. ಅಮ್ಮ ಅವನ ಜೊತೆ ಮಾತು ಬಿಟ್ಟಳು. ಗಣಪತಿ ಮಾಡಿ ನಮ್ಮ ಜಗಲಿಯ ಮೇಲೆಯೇ ಕೂರಿಸಿದಳು. ಬೀದಿಯವರು ಒಬ್ಬರೂ ಇಣುಕಲಿಲ್ಲ.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತನಾದವನು. ನೂರು ವರ್ಷಕ್ಕೂ ಹಿಂದೆ ಸೂಟು ಬೂಟಿನ ದಲ್ಲಾಳಿಗಳು ಮಾಡಿದ್ದೂ ಇದನ್ನೇ. ಒಂದು ದೇಶಕ್ಕೆ ಒಂದು ಸಬ್‌ಮರೀನ್ ಮಾರಿ, ಅದರ ಶತ್ರುವನ್ನು ಹೆದರಿಸಿ ಎರಡು ಮಾರುವುದು. ಯುದ್ಧ ಬಂತೆಂದರೆ ಮುಗಿಯಿತು; ಒಬ್ಬರು ಸರಿಯಿಲ್ಲವೆಂದು ಬಿಟ್ಟದ್ದನ್ನು ಇನ್ನೊಬ್ಬರು ನೆಟ್ಟಗೆ ಪರೀಕ್ಷೆಯನ್ನೂ ಮಾಡದೆ ಮೇಲೆಬಿದ್ದು ಕೊಂಡರು. ಪೆಟ್ರೋಲ್ ಹೊಗೆ ಸೋರಿದರೆ ತಿಳಿಯಲೆಂದು ಆಗಿನ ಸಬ್‌ಮರೀನ್‌ಗಳೊಳಗೆ ಇಲಿ ಸಾಕುತ್ತಿದ್ದರು. ಇಲಿಯ ಮಟ್ಟಿಗೆ ನಮ್ಮದು ಅಸಲಿ ಮಾಲು.

"ಮೊದ್ಲು ನೀರಿಗೆ ಬಿಟ್ಟು ನೋಡೋ," ಎಂದೆ.

"ನಿನ್ ಪಾಠ ಕಾಲೇಜ್ನಲ್ಲಿಟ್ಕೋ," ಎಂದ ಅಧ್ಯಕ್ಷ.

ವಿಸರ್ಜನೆಯ ದಿನ ತಮಟೆ, ಪಟಾಕಿ, ಜೈಕಾರ. ಕೊಂಡು ತಂದ ದೊಡ್ಡ ಗಣಪತಿಯನ್ನು ಅಂಟು ಹಾಕಿ ಕೂರಿಸಿದ್ದರಿಂದ ಸಬ್‌ಮರೀನ್ ಸಮೇತ ಕೆರೆಗೆ ಬಿಟ್ಟರು. ಅದು ಥರ್ಮಾಕೋಲ್! ಒತ್ತಿದರು, ಮೇಲೆ ಬಂತು. ಇಬ್ಬರು ಹತ್ತಿ ಕೂತರು, ಮಗುಚಿಕೊಂಡಿತು. ಪಾಪ, ಗಣಪತಿಯ ತಲೆ ನೀರಿನಲ್ಲಿ, ಪಾದ ಆಕಾಶಕ್ಕೆ. ಇಲಿಯ ಸಬ್‌ಮರೀನಂತೂ ಆಚೆ ದಡದ ಕಡೆ ಹೊರಟೇಬಿಟ್ಟಿತು. ಅಧ್ಯಕ್ಷರು ಎದೆಮಟ್ಟದ ನೀರಿನಲ್ಲಿ ನಿಂತು ಎಲ್ಲರನ್ನೂ ಬೈಯುತ್ತಿದ್ದರು.

ಅಷ್ಟರಲ್ಲಿ ಅಮ್ಮ ತಟ್ಟೆಯಲ್ಲಿ ತನ್ನ ಗಣಪತಿಯನ್ನು ಹೊತ್ತು ಮೆಟ್ಟಿಲಿಳಿದಳು. ಕೈಮುಗಿದು ಬಿಟ್ಟಳು. ಅದು ಸದ್ದಿಲ್ಲದೆ ಮುಳುಗಿತು. ತಮಟೆ ನಿಂತಿತ್ತು, ಬೀದಿಯವರೆಲ್ಲ ನೋಡುತ್ತಿದ್ದರು. ಹಬ್ಬಕ್ಕೆ ಮೊದಲು ಮಾತು ಬಿಟ್ಟಿದ್ದವಳು ಆಗ ಮಗನನ್ನು ಕೂಗಿದಳು:

"ಲೋ ಅಧ್ಯಕ್ಷ, ಹೆಂಗೂ ಕೆರೇಲೇ ಇದ್ದೀಯ. ಬರೋವಾಗ ಮುಂದಿನ್ ವರ್ಷಕ್ಕೆ ಒಂದಿಷ್ಟು ಜೇಡಿಮಣ್ಣು ತಗಂಬಾ."

ತಮ್ಮ ಅಲ್ಲೇ ಬಗ್ಗಿ ಜೇಡಿಮಣ್ಣಿಗೆ ಕೈಹಾಕಿದ.