ಗೇದರ್ ಮನೆಯ ಗುಂಡಿ

ಆರ್ಡೆಲ್ಲ ಟಾಲಿವರ್ ಇಪ್ಪತ್ತೆರಡು ವರ್ಷ ಒಂದು ಗುಂಡಿ ತೋರಿಸಿ ಜನರನ್ನು ಅಳಿಸಿದವಳು. ನಾನೇ ಪ್ರತಿ ಸಲ ಎರಡು ಕರವಸ್ತ್ರ ಒಯ್ಯುತ್ತಿದ್ದೆ.

ಗುಂಡಿ ಇರುವುದು ಗೇದರ್ ಮನೆಯ ಅಡುಗೆಕೋಣೆಯಲ್ಲಿ, ನೆಲಹಲಗೆಯ ಕೆಳಗೆ. ಒಹಾಯೊ ನದಿಯ ಆಚೆ ದಡದ ಕೆಂಟಕಿಯಲ್ಲಿ ಗುಲಾಮಗಿರಿ ಇದ್ದ ಕಾಲಕ್ಕೆ, ಈಚೆ ದಡದಲ್ಲಿ ಪೀಪಾಯಿ ಮಾಡಿಕೊಂಡಿದ್ದ ಐಸಮ್ ಗೇದರ್, ನಮ್ಮ ಕಪ್ಪು ಜನರ ಪೈಕಿಯವನೇ, ತಪ್ಪಿಸಿಕೊಂಡು ಬಂದವರಿಗೆ ಆಸರೆ ಕೊಟ್ಟ. ಹಾಗೆ ಈಜಿ ಬಂದವರಲ್ಲಿ ಆರ್ಡೆಲ್ಲಳ ಮುತ್ತಜ್ಜಿಯೂ ಒಬ್ಬಳು.

"ಒಂಬತ್ತು ಜನ, ಉಸಿರು ಬಿಗಿಹಿಡ್ದು, ಈ ಗುಂಡೀಲಿ!" ಎನ್ನುವಾಗ ಆರ್ಡೆಲ್ಲಳ ದನಿ ನಡುಗಬೇಕಾದ ಕಡೆಯೇ ನಡುಗುತ್ತಿತ್ತು. ಗುಂಡಿಯ ಗೋಡೆಯ ಇಟ್ಟಿಗೆಗಳಲ್ಲಿ ನಕ್ಷತ್ರದ ಅಚ್ಚು. "ದಾರಿ ತೋರ್ಸೋ ಉತ್ತರದ ನಕ್ಷತ್ರ. ಗೇದರ್ ಕೈಯಾರೆ ಕೆತ್ತಿದ್ದು!" ಪ್ರತಿ ಸೆಪ್ಟೆಂಬರಿನಲ್ಲಿ ಆ ಮನೆಯಲ್ಲೇ ನಡೆಯುವ ಚರ್ಚ್ ಕೂಟದಲ್ಲಿ, ಆ ವರ್ಷ ಹುಟ್ಟಿದ ಕೂಸುಗಳನ್ನು ಗುಂಡಿಗಿಳಿಸಿ ಹರಸುವ ಪದ್ಧತಿಯನ್ನೂ ಅವಳೇ ತಂದಿದ್ದಳು. ಕೂಸುಗಳು ಕಿರುಚುತ್ತಿದ್ದವು. ಪೂರ್ವಿಕರ ನೋವು ಅವಕ್ಕೂ ತಟ್ಟಿತೆಂದು ನಾವು ಕಣ್ಣೊರೆಸಿಕೊಳ್ಳುತ್ತಿದ್ದೆವು.

ಈ ವರ್ಷ ಅವಳ ಸ್ವಂತ ಮರಿಮಗಳು ಇಳಿಯಬೇಕಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ, ಹಳೇ ಮನೆಗಳ ತಪಾಸಣೆಗೆ ಬಂದಿದ್ದ ವಿಟ್ಲೋ ಗುಂಡಿಯಿಂದ ತಲೆ ಎತ್ತಿದ.

"ಮೇಡಂ, ಈ ನಕ್ಷತ್ರ ಒಂದು ಇಟ್ಟಿಗೆ ಗೂಡಿನ ಗುರುತು. ಆ ಗೂಡು ಶುರುವಾಗಿದ್ದೇ ಗುಲಾಮಗಿರಿ ಹೋಗಿ ಇಪ್ಪತ್ತು ವರ್ಷ ಆದ್ಮೇಲೆ."

"ಯಾರಿಗಾದ್ರೂ ಹೇಳಿದೀರಾ?"

"ಇನ್ನೂ ಇಲ್ಲ."

ಆರ್ಡೆಲ್ಲಳ ಜೀವ ಅಲ್ಲೇ ತೂಗಾಡಿತು. ಹೇಳಿದರೆ ಊರಿನ ಕಣ್ಣೀರೆಲ್ಲ ದಂಡ, ತಾನು ಸುಳ್ಳಿ. ಹೇಳದೆ ಇದ್ದರೆ ಮರಿಮಗಳನ್ನು ಸುಳ್ಳಿನೊಳಕ್ಕೇ ಇಳಿಸಬೇಕು.

ಭಾನುವಾರ ಕೂಟದ ಊಟದಲ್ಲಿ ಕರಿದ ಕೋಳಿ ಅವಳ ತಟ್ಟೆಯಲ್ಲೇ ತಣ್ಣಗಾಯಿತು. "ಸಿಸ್ಟರ್, ಕೂಸು ತನ್ನಿ," ಎಂದರು ಪಾಸ್ಟರ್. ಅವಳು ಕೂಸನ್ನು ಎದೆಗೆ ಅವುಚಿಕೊಂಡು ಎಲ್ಲವನ್ನೂ ಹೇಳಿಬಿಟ್ಟಳು.

ನಕ್ಕದ್ದು ಒಬ್ಬಳೇ, ಐಸಮ್ ಗೇದರನ ಮರಿಮಗಳು, ತೊಂಬತ್ತೊಂದರ ವರ್ಲೀನತ್ತೆ.

"ಅಂತೂ ಗೊತ್ತಾಯ್ತಾ? ಗೆಣಸು ಇಡಕ್ಕೆ ನಮ್ಮ ತಾತ ತೋಡಿದ್ದು ಕಣೇ ಅದು!"

"ಅತ್ತೆ! ಗೊತ್ತಿದ್ದೂ ಸುಮ್ನಿದ್ರಾ?"

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಹೆಂಗೆ ತಡೆಯೋದು? ನಾನೇ ಎರಡು ಸಲ ಅತ್ತಿದೀನಿ."

"ಹಾಗಾದ್ರೆ ನಮ್ಮ ಮುತ್ತಜ್ಜೀನ ಎಲ್ಲಿ ಅಡಗಿಸಿದ್ರು?"

"ಮಹಡೀಲಿ, ಮಂಚದ ಮೇಲೆ! ನದಿ ಈಜಿ ಬಂದೋಳನ್ನ ಯಾರಾದ್ರೂ ಗುಂಡಿಗೆ ತಳ್ತಾರೇನೇ? ತಮ್ಮ ಹಾಸಿಗೆ ಬಿಟ್ಕೊಟ್ಟು ಗಂಡ ಹೆಂಡ್ತಿ ಇಲ್ಲಿ ನೆಲದ ಮೇಲೆ ಮಲಗ್ತಿದ್ರು. ಓಡಿಬಂದೋರನ್ನ ಹಿಡಿಯೋರು ಬಂದ್ರೆ ನಮ್ಮ ಮುತ್ತಜ್ಜಿ, ಐಸಮ್ ಹೆಂಡ್ತಿ, ಬಾಗ್ಲಲ್ಲಿ ನಿಂತು, 'ಮೇಲೆ ನನ್ನ ತಂಗಿಗೆ ಸಿಡುಬು, ಹೋಗಿ ಮಾತಾಡ್ಸ್ಕೊಂಡು ಬನ್ನಿ' ಅಂತಿದ್ಳಂತೆ. ಒಬ್ಬನಾದ್ರೂ ಮೆಟ್ಲು ಹತ್ತಲಿಲ್ಲ."

"ಇದನ್ನ ಮೊದ್ಲೇ ಹೇಳಬಾರ್ದಾಗಿತ್ತಾ!"

"ನೀನು ಕೇಳಬೇಕಿತ್ತಲ್ಲ!"

ಆರ್ಡೆಲ್ಲ ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಹಿಂದೆ ಪಾಸ್ಟರ್, ವರ್ಲೀನತ್ತೆಯನ್ನು ಕುರ್ಚಿ ಸಮೇತ ಹೊತ್ತ ಇಬ್ಬರು, ಆಮೇಲೆ ನಾವೆಲ್ಲ. ಅವಳು ಕೂಸನ್ನು ಮಂಚದ ನಡುವೆ ಮಲಗಿಸಿದಳು. ಅದು ಕಿರುಚಲಿಲ್ಲ. ಕೈಕಾಲು ಚಾಚಿ ಆಕಳಿಸಿತು, ಹಾಸಿಗೆ ಒದ್ದೆ ಮಾಡಿತು, ನಿದ್ದೆ ಹೋಯಿತು.