ಬಾಗಿಲ ಕಡಿ ಬೆಂಚಿಗೆ ಕುಂತ ಮಾಲನಬಿ ಚಾಚಿ

ತಡೀರಿ, ಹಂಗ ಮೊಬೈಲ್ ಮ್ಯಾಲೆ ಬೆರಳಾಡಿಸ್ಕೋತ ಮುಂದ ಹೋಗಬ್ಯಾಡ್ರಿ. ಒಬ್ಬಾಕಿ ಬಾಯಿ ಬಗ್ಗೆ ಹೇಳೂದೈತಿ. ಎಂಥಾ ಬಾಯಿ ಅಂದ್ರ, ಆಕಿ ತನ್ನ ಒಲಿ ಮುಂದ ಕುಂತು ಕೆಮ್ಮಿದ್ರ ಬಸ್‌ಸ್ಟ್ಯಾಂಡಿನ್ಯಾಗ ಇದ್ದವರು "ಚಾಚಿ ಎದ್ಲು" ಅಂತಿದ್ರು.

ಮಾಲನಬಿ ಚಾಚಿ ನಮ್ಮ ಬಾಜೂ ಮನಿಯಾಕಿ. ಬಸವನ ಬಾಗೇವಾಡಿ ತಾಲೂಕಿನ್ಯಾಗ ನಮ್ಮದೊಂದು ಸಣ್ಣ ಊರು, ಅಲ್ಲಿ ಖಡಕ್ ರೊಟ್ಟಿ ಬಡದು ಮಾರತಿದ್ಲು. ಯಾರ ಎಮ್ಮಿ ಈಯ್ತು, ಯಾರ ಸಂಬಂಧ ಮುರೀತು, ಎಲ್ಲಾ ರೊಟ್ಟಿ ಜೋಡಿ ಪುಕ್ಕಟೆ. "ಮಾತು ಹೊಟ್ಟ್ಯಾಗ ಇಟ್ಕೊಂಡ್ರ ಕೊಳೀತೈತವ್ವಾ, ಹೊರಗ ಹಾಕಬೇಕು" ಅಂತಿದ್ಲು.

ಆಕಿ ಮಗಳ ಮಗಳು ಸಾನಿಯಾ ಆಕಿ ಮನ್ಯಾಗ ಇದ್ಲು, ಸಾಲ್ಯಾಗ ನಾಲ್ಕನೇ ಇಯತ್ತಾ. ಆ ಹುಡುಗಿ ಕುತ್ತಿಗ್ಯಾಗ ಬಾರಿಕಾಯಿಯಷ್ಟು ಒಂದು ಗಂಟು ಎದ್ದಿತ್ತು. ನೋಡಿದ ಊರವರೆಲ್ಲಾ "ಗಂಡಮಾಲಿ" ಅಂದ್ರು, ಬೇರು ಕಟ್ಟಸ್ರಿ ಅಂದ್ರು. ಚಾಚಿನೂ ಕಟ್ಟಿಸಿದ್ಲು. "ನೋವ ಇಲ್ಲ, ಯಾಕ ಅಂಜೂದು?" ಅಂತ ಎಲ್ಲಾರದೂ ಒಂದ ಮಾತು. ನೋವಿಲ್ಲದ, ಇಳೀಲಾರದ ಗಂಟಿಗೇ ಅಂಜಬೇಕು ಅಂತ ಒಬ್ಬರಾದ್ರೂ ಹೇಳಬಾರದಾ? ಹುಡುಗಿಗೆ ಜ್ವರ ಬಂತು, ಮೈ ಬೆವತು ಅಂಗಿ ತೊಯ್ಯಾಕತ್ತಿತು, ಗಂಟು ಪೇರಲಕಾಯಿ ಆತು. ಆಮ್ಯಾಲೆ ಸೊಲ್ಲಾಪುರಕ್ಕ ಒಯ್ದ್ರು. ಗಂಟಿನ ತುಣುಕು ತಗದು ನೋಡಿ ಲಿಂಫೋಮಾ ಅಂದ್ರು. ಮೈ ಕಾಯೋ ಗ್ರಂಥಿಗಳಿಗೇ ಬರೋ ಕ್ಯಾನ್ಸರ್.

ಯಾಕ ಬಂತು ಅಂತ ಚಾಚಿ ಡಾಕ್ಟ್ರ ಬೆನ್ನ ಬಿಡಲಿಲ್ಲ. ಅವರು, "ಇಂಥಾ ಮಕ್ಕಳ ಗಂಟಿನ್ಯಾಗ ಭಾಳ ಸಲ ಒಂದು ವೈರಸ್ ಸಿಗತೈತಿ. ಎಪ್‌ಸ್ಟೈನ್-ಬಾರ್ ಅಂತ" ಅಂದ್ರಂತ.

"ಬಾರ್? ಸಾಹೇಬ್ರ, ನಮ್ಮ ವಂಶದಾಗ ಬಾರಿನ ಹೊಸ್ತಿಲಾ ತುಳದವರು ಒಬ್ಬರೂ ಇಲ್ರಿ!"

ಡಾಕ್ಟ್ರು ನಕ್ಕು ಬಿಡಿಸಿ ಹೇಳಿದ್ರಂತ. ಚಾಚಿ ತಲ್ಯಾಗ ಉಳಿದಿದ್ದು ಮಾತ್ರ ಒಂದ ಶಬ್ದ. ಊರಿಗೆ ಬಂದಾಕಿನ ಹಿಟ್ಟಿನ ಗಿರಣ್ಯಾಗ ನಿಂತು, "ನಮ್ಮ ಸಾನಿಯಾಗ ವೈರಸ್ ಅಂತ ನೋಡ್ರೆವ್ವಾ" ಅಂತ ಅತ್ತಾಳ. ಕೊರೊನಾ ಕಂಡ ಊರದು. ಕ್ಯಾನ್ಸರ್ ಅಂದ್ರ ಅಯ್ಯೋ ಪಾಪ ಅಂತಿದ್ರು, ವೈರಸ್ ಅಂದ ಕೂಡ್ಲೆ ಬಾಗಿಲಾ ಹಾಕ್ಕೊಂಡ್ರು. ಚಾಚಿ ರೊಟ್ಟಿ ಬುಟ್ಟ್ಯಾಗ ಉಳಿಯಾಕತ್ವು. ಔಷಧಕ್ಕ ಕೂದಲಾ ಉದುರಿದ ಆ ಕೂಸು ಮನಿ ಮುಂದಿನ ಕಟ್ಟಿ ಮ್ಯಾಲೆ ಬಂದು ನಿಂತ್ರ ತಾಯಂದಿರು ತಮ್ಮ ಮಕ್ಕಳ ರಟ್ಟಿ ಹಿಡದು ಒಳಗ ಎಳೀತಿದ್ರು!

ಔಷಧ ಮುಗೀತು. ಸಾಲಿಗೆ ಹೋಗಬಹುದು ಅಂತ ಡಾಕ್ಟ್ರು ಹೇಳಿದ್ರು. ನಮ್ಮ ಹೆಡ್‌ಮಾಸ್ತರು ಏನಂದ್ರ ಗೊತ್ತೇನು? "ಬರ್ಲಿ, ಆದ್ರ ಬಾಗಿಲ ಕಡಿ ಬ್ಯಾರೆ ಬೆಂಚಿಗೆ ಕುಂದ್ರಲಿ. ಪಾಲಕರು ಗದ್ದಲ ಮಾಡ್ತಾರ."

ನಾ ಬಿ.ಕಾಂ. ಓದಿದಾಕಿ, ಡಾಕ್ಟರ್ ಅಲ್ಲ. ಆದ್ರ ಸಾನಿಯಾ ಜಡ್ಡಿಗೆ ಬಿದ್ದಾಗಿಂದ ಮೊಬೈಲ್‌ನ್ಯಾಗ ಸಿಕ್ಕದ್ದೆಲ್ಲಾ ಓದೇನಿ, ತಿಳೀದದ್ದು ಸೊಲ್ಲಾಪುರದಾಗ ಕೇಳೇನಿ. ಚಾಚಿ ನನಗ "ಮೊಬೈಲ್ ಡಾಕ್ಟರವ್ವಾ" ಅಂತಿದ್ಲು. ಅವತ್ತು ಆಕಿ ಮುಂದ ಕುಂತು ಹೇಳಿದ್ನಿ: "ಚಾಚಿ, ಆ ವೈರಸ್ ಊರಾಗ ಬಹಳಷ್ಟು ಮಂದಿ ಒಳಗ ಐತಿ. ಎಂಜಲಿಂದ ಬರತೈತಿ. ಸಣ್ಣವರಿದ್ದಾಗ ಬಂದು ಸುಮ್ಮನ ಕುಂತಿರತೈತಿ, ಬಹಳ ಮಂದಿಗೆ ಏನೂ ಮಾಡಂಗಿಲ್ಲ. ಎಲ್ಲೋ ಒಂದು ಮಗೂಗೆ ಮಾತ್ರ ಕ್ಯಾನ್ಸರಿಗೆ ಹಾದಿ ಆಗತೈತಿ. ಆ ಮಗೂಗೇ ಯಾಕ ಅನ್ನೂದು ದೊಡ್ಡ ಡಾಕ್ಟ್ರಿಗೂ ಪೂರ್ತಾ ಗೊತ್ತಿಲ್ಲ. ಆದ್ರ ಕ್ಯಾನ್ಸರ್ ಬಾಜೂಕ ಕುಂತ್ರ ಹತ್ತಂಗಿಲ್ಲ."

ಚಾಚಿ ದನಿ ಸಣ್ಣದಾಗಿದ್ದು ಅದೊಂದ ಸಲ. ಕೇಳಿದ್ಲು: "ಹಲ್ಲ ಬರೋದಕಿಂತ ಮೊದಲ ನಾನ ಆಕಿಗೆ ರೊಟ್ಟಿ ಅಗದು ಮೆತ್ತಗ ಮಾಡಿ ಉಣಿಸೇನಿ. ಹಂಗಾರ ನಾನ ಕೊಟ್ಟೇನಿ?"

"ಎಲ್ಲಾ ಮನ್ಯಾಗೂ ಹಂಗ ಉಣಿಸ್ಯಾರ ಚಾಚಿ. ಯಾರಿಂದ ಬಂತು ಅಂತ ಯಾರಿಗೂ ಹೇಳಾಕ ಬರಂಗಿಲ್ಲ. ನಿನ್ನ ತಪ್ಪಲ್ಲ."

ಸೆರಗಿಲೆ ಕಣ್ಣ ಒರಸ್ಕೊಂಡ್ಲು. "ಎಲ್ಲಾ ಮನ್ಯಾಗೂ ಅಂದಿ?" ಅಂತ ಕೇಳಿ ಎದ್ದ್ಲು.

ಮರುದಿನ ಸಾನಿಯಾನ ಕೈ ಹಿಡದು ಸಾಲಿಗೆ ಹ್ವಾದ್ಲು. ಬೆನ್ನಹಿಂದ ನಾನೂ. ಬಾಗಿಲಕ ನಾಲ್ಕು ಮಂದಿ ತಾಯಂದಿರು ನಿಂತಿದ್ರು.

"ಯಾಕ್ರೆವ್ವಾ, ನೀವು ಸಣ್ಣವರಿದ್ದಾಗ ಲಂಗದಾಗ ಪೆಪ್ಪರಮಿಂಟ ಇಟ್ಟು ಕಡದು, ಗುಬ್ಬಿ ಎಂಜಲ ಅಂತ ಹಂಚ್ಕೊಂಡು ತಿಂದಿಲ್ಲೇನ? ನಿಮ್ಮೊಳಗೂ ಐತಿ ಆ ವೈರಸ್. ಯಾರವ್ವ ತುತ್ತು ಕಡದು ಉಣಿಸಿಲ್ಲ, ಆಕಿ ಮುಂದ ಬರ್ಲಿ!"

ಯಾರೂ ಬರಲಿಲ್ಲ. ಚಾಚಿ ಹೋಗಿ ಆ ಬ್ಯಾರೆ ಬೆಂಚಿಗೆ ಮೊಮ್ಮಗಳ ಬಾಜೂಕ ಕುಂತ್ಲು.

"ಚಾಚಿ, ಇದು ಸಾಲಿ" ಅಂದ್ರು ಹೆಡ್‌ಮಾಸ್ತರು.

"ಗೊತ್ತೈತ್ರಿ. ವೈರಸ್ ಇದ್ದವರು ಇಲ್ಲಿ ಕುಂದ್ರಬೇಕು ಅಂದ್ರಲ್ಲಾ? ನಿಮ್ಮ ಖುರ್ಚಿನೂ ಈ ಕಡಿ ತಗೊಂಡ ಬರ್ರಿ."

ಆ ವಾರ ಪೂರ್ತಾ ಕುಂತ್ಲು. ಮಗ್ಗಿ ಹೇಳೂ ಹೊತ್ತಿಗೆ ಎಲ್ಲಾರಕಿಂತ ಜೋರ್ ಆಕಿದ. "ಏಳೇಳ್ಲೆ ಐವತ್ತು!" ಹುಡುಗುರು ಬಿದ್ದ್ ಬಿದ್ದ್ ನಕ್ಕು, "ಚಾಚಿ, ನಲವತ್ತೊಂಬತ್ತು!" ಅಂದ್ರ, "ಒಂದು ಹೆಚ್ಚಿಗಿ ಹಾಕಿದ್ರ ನಿಮ್ಮ ಗಂಟೇನ ಹೋಗತೈತಿ? ರೊಟ್ಟಿ ಮಾರಾಕಿ ನಾ!" ಅಂತಿದ್ಲು. ಒಬ್ಬೊಬ್ಬವು ಸರದು ಸರದು ಆ ಬೆಂಚಿಗೇ ಬಂದ್ವು. ಜಗಾ ಸಾಲಲಾರದಕ್ಕ ಮಾಸ್ತರು ಬೆಂಚು ಎಳದು ಉಳದವುಗಳ ಜೋಡಿ ಹಾಕಿಸಿದ್ರು. ತಪ್ಪಾತು ಅಂತ ಒಬ್ಬ ದೊಡ್ಡವರೂ ಅನ್ನಲಿಲ್ಲ. ಸಣ್ಣವರಿಗೆ ತಿಳೀತು, ಇವರಿಗೆ ತಿಳೀಲಿಲ್ಲ.

ಹ್ವಾದ ವರ್ಷ ಚಾಚಿ ಹಾರ್ಟ್ ನಿಂತು ಹ್ವಾದ್ಲು. ಮಣ್ಣಿಗೆ ಊರೆಲ್ಲಾ ಬಂದಿತ್ತು. ಆಕಿ ರೊಟ್ಟಿ ಮುಟ್ಟಲಾರದವರೇ ಮುಂದ ನಿಂತು "ಭಾಳ ದೊಡ್ಡ ಮನಸ್ಸಿನಾಕಿ" ಅನ್ನಾಕತ್ತಿದ್ರು. ನನ್ನ ಮೈ ಉರದು ಹೋತು. ಸಾನಿಯಾ ಆರಾಮ ಅದಾಳ, ಡಾಕ್ಟ್ರು ಕರದಾಗ ತಪಾಸಣಿಗೆ ಹೋಗಿ ಬರ್ತಾಳ. ನಾನಿ ಇಲ್ಲದ ಮನ್ಯಾಗ ಸಪ್ಪಳನ ಇಲ್ಲ ಅಂತ ಆಕಿನ ಹೇಳ್ತಾಳ.

ಕಡೀ ಸಲ ಸಿಕ್ಕಾಗ ಚಾಚಿ ಹಿಟ್ಟ ನಾದಕೋತ ಅಂದಿದ್ಲು: "ನಾ ಒದರಿದ್ರ ಗಿರಣಿ ತನಕ ಕೇಳತೈತಿ. ನೀ ಬರದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ ತನಕ ಹೋಗತೈತಿ. ಬರೀ ನೀ!"

ಬರದೇನಿ. ನಿಮ್ಮ ಮನ್ಯಾಗೂ ಇಂಥಾ ಮಗು ಇದ್ರ, ಈಗ ನೀವು ಇದರ ಕೆಳಗ ಬರೀರಿ. ಹೆಸರು ಬ್ಯಾಡ. ನಿಮ್ಮ ಮಗೂನ ಗಂಟಿಗೆ ಮಂದಿ ಏನಂತ ಹೆಸರಿಟ್ರು, ಯಾರು ದೂರ ಸರದ್ರು, ಯಾರು ಬಾಜೂಕ ಬಂದು ಕುಂತ್ರು, ಅಷ್ಟ ಬರೀರಿ. ಯಾರೂ ಕುಂದ್ರಲಿಲ್ಲ ಅಂದ್ರ ಅದನ್ನೂ ಬರೀರಿ.